ಕಿರುಗಡಲಿನ ಕರಿಯ ಕೆಸರು

ಸ್ಪೇನ್ ದೇಶದ ಆಗ್ನೇಯ ತೀರದಲ್ಲಿ ಮಾರ್ ಮೆನೋರ್ ಎಂಬ ಉಪ್ಪುನೀರಿನ ಲಗೂನ್ ಇದೆ. ಹೆಸರಿನ ಅರ್ಥ 'ಕಿರುಗಡಲು'. ವಿಸ್ತಾರ ಸುಮಾರು 135 ಚದರ ಕಿಲೋಮೀಟರ್. ಆಳವಾದರೋ ಹೆಚ್ಚೆಂದರೆ 7 ಮೀಟರ್. ಉದ್ದನೆಯ ಮರಳ ದಿಣ್ಣೆಯೊಂದು ಅದನ್ನು ಮೆಡಿಟರೇನಿಯನ್ ಸಮುದ್ರದಿಂದ ಬೇರ್ಪಡಿಸಿದೆ. ಅಲ್ಲಿ ಮನುಷ್ಯನು ಮಾಡಿದ್ದರ ಲೆಕ್ಕವೆಲ್ಲ ತಳದ ಕೆಸರಿನಲ್ಲಿ ದಾಖಲಾಗಿದೆ.

ಪ್ರಯೋಗಾಲಯದ ಕಿಪ್ ಉಪಕರಣದಿಂದ ಹೊಮ್ಮುತ್ತಿದ್ದ ಕೊಳೆತ ಮೊಟ್ಟೆಯ ನಾತವನ್ನು ನನ್ನ ವಿದ್ಯಾರ್ಥಿಗಳು ಮರೆತಿರಲಾರರು. ಅದೇ ಹೈಡ್ರೋಜನ್ ಸಲ್ಫೈಡನ್ನು ಕೆಸರಿನಲ್ಲಿ ಬ್ಯಾಕ್ಟೀರಿಯಗಳು ಉತ್ಪಾದಿಸುತ್ತವೆ. ಇದನ್ನು 1895ರಲ್ಲಿ ತೋರಿಸಿಕೊಟ್ಟವನು ಹಾಲೆಂಡಿನ ಡೆಲ್ಫ್ಟ್ ನಗರದ ವಿಜ್ಞಾನಿ ಬೈಯರಿಂಕ್. ಆಮ್ಲಜನಕವಿಲ್ಲದೆಡೆ ಈ ಜೀವಿಗಳು ನೀರಿನಲ್ಲಿರುವ ಸಲ್ಫೇಟನ್ನೇ ಬಳಸಿ ಉಸಿರಾಡುತ್ತವೆ. ಕಡಲ ನೀರಿನಲ್ಲಿ ಸಲ್ಫೇಟಿಗೆ ಬರವಿಲ್ಲ. ಲಗೂನಿನ ಅತಿಯಾದ ಉಪ್ಪನ್ನೂ ಅವುಗಳಲ್ಲಿ ಹಲವು ತಾಳಬಲ್ಲವು. ಜೀವಕೋಶದೊಳಗೆ ತಕ್ಕ ದ್ರಾವ್ಯಗಳನ್ನು ಶೇಖರಿಸಿಕೊಂಡು, ಒಳಗಿನ ನೀರು ಹೊರಗೆ ಸೋರದಂತೆ ಕಾಪಾಡಿಕೊಳ್ಳುತ್ತವೆ.

ಇವು ದುಷ್ಟ ಜೀವಿಗಳೆಂದು ಭಾವಿಸಬಾರದು. ಲಗೂನಿನ ದಕ್ಷಿಣದ ಬೆಟ್ಟಗಳಲ್ಲಿ ರೋಮನ್ನರ ಕಾಲದಿಂದಲೂ ಬೆಳ್ಳಿ, ಸೀಸಗಳ ಗಣಿಗಾರಿಕೆ ನಡೆದಿತ್ತು. ಮಳೆಗಾಲದ ಹಳ್ಳಗಳು ಗಣಿಯ ತ್ಯಾಜ್ಯವನ್ನು ತಂದು ಲಗೂನಿಗೆ ಸುರಿದವು. ಸಲ್ಫೈಡು ಆ ಸೀಸ, ಸತುವುಗಳೊಡನೆ ಕೂಡಿ, ಕರಗದ ಸಂಯುಕ್ತಗಳಾಗಿ ಅವುಗಳನ್ನು ಕೆಸರಿನಲ್ಲೇ ಹಿಡಿದಿಡುತ್ತದೆ. ಕಬ್ಬಿಣದೊಡನೆ ಕೂಡಿದಾಗ ಕೆಸರಿಗೆ ಕಪ್ಪು ಬಣ್ಣ ಬರುತ್ತದೆ.

ಕೇಡು ಬೇರೆಡೆಯಿಂದ ಬಂತು. 1979ರಿಂದ ತಾಹೋ ನದಿಯ ನೀರು ಕಾಲುವೆಯ ಮೂಲಕ ಆ ಸೀಮೆಗೆ ಹರಿಯಿತು. ಒಣ ಬೇಸಾಯವಿದ್ದ ಬಯಲಿನಲ್ಲಿ ತರಕಾರಿ ಬೆಳೆ ಹಬ್ಬಿತು. ಹೊಲಗಳಿಗೆ ಹಾಕಿದ ಗೊಬ್ಬರ ಲಗೂನನ್ನು ಸೇರಿತು. 2016ರಲ್ಲಿ ಪಾಚಿ ಹೆಚ್ಚಿ ನೀರೇ ಹಸುರಾಯಿತು. ಬಿಸಿಲು ತಲುಪದೆ ತಳದ ಜಲಸಸ್ಯಗಳು ಬಹುಪಾಲು ನಾಶವಾದವು. ಸತ್ತು ಬಿದ್ದುದೆಲ್ಲ ಕೊಳೆಯುತ್ತ ಆಮ್ಲಜನಕವನ್ನು ಹೀರಿತು. ಸಲ್ಫೈಡು ಉತ್ಪಾದಿಸುವ ಜೀವಿಗಳಿಗೆ ಸುಗ್ಗಿಯಾಯಿತು.

2019ರ ಸೆಪ್ಟೆಂಬರಿನ ಪ್ರವಾಹದಲ್ಲಿ ಸಿಹಿನೀರು ಮೇಲೆ, ಉಪ್ಪುನೀರು ಕೆಳಗೆ ಪದರವಾಗಿ ನಿಂತವು. ಕೆಳಪದರದಲ್ಲಿ ಆಮ್ಲಜನಕ ಮುಗಿದು ಸಲ್ಫೈಡು ತುಂಬಿತು. ಅಕ್ಟೋಬರ್ 12ರಂದು ಮೀನು, ಹಾವುಮೀನು, ಸೀಗಡಿ, ಏಡಿಗಳು ಉಸಿರಿಗಾಗಿ ದಡಕ್ಕೆ ಬಂದು ರಾಶಿರಾಶಿಯಾಗಿ ಸತ್ತವು. 2021ರಲ್ಲಿ ಮತ್ತೆ ಅದೇ ದುರಂತ.

ಜನ ಸುಮ್ಮನಿರಲಿಲ್ಲ. ಆರು ಲಕ್ಷಕ್ಕೂ ಮಿಕ್ಕಿ ಸಹಿ ಸಂಗ್ರಹಿಸಿದರು. 2022ರಲ್ಲಿ ಸ್ಪೇನಿನ ಸಂಸತ್ತು ಈ ಲಗೂನಿಗೆ ಕಾನೂನಿನ ವ್ಯಕ್ತಿತ್ವವನ್ನು ನೀಡಿತು. 2024ರಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಈಗ ಯಾರಾದರೂ ಅದರ ಪರವಾಗಿ ನ್ಯಾಯಾಲಯದ ಮೆಟ್ಟಿಲೇರಬಹುದು. ಕೆಸರಿನ ಜೀವಿಗಳು ತಮ್ಮ ಧರ್ಮವನ್ನು ಬಿಡಲಾರವು. ಅವುಗಳಿಗೆ ನಾವು ಏನನ್ನು ಉಣಬಡಿಸುತ್ತೇವೆ ಎಂಬುದಷ್ಟೇ ನಮ್ಮ ಕೈಯಲ್ಲಿದೆ.