ಮಾವನ ಮನೆಯಿಂದ ತಂದೆಯ ಮನೆಗೆ: ಉಡುಪಿ ಸೀಮೆಯ ಪ್ರೊಟೆಸ್ಟೆಂಟ್ ಕುಟುಂಬ

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಕ್ರಮೇಣ ಉಡುಪಿ, ಕಾಪು, ಕಾರ್ಕಳದ ಕಡೆಗೂ ಹಬ್ಬಿತು. ಮತಾಂತರಗೊಂಡವರಲ್ಲಿ ಬಿಲ್ಲವರೇ ಹೆಚ್ಚು. ಅವರದು ಅಳಿಯಸಂತಾನ, ಬಳಿ, ಮನೆತನ, ಆಸ್ತಿ ಎಲ್ಲವೂ ತಾಯಿಯ ಕಡೆಯಿಂದ ಬರತಕ್ಕವು. ಆಡಳಿತ ಸಾಮಾನ್ಯವಾಗಿ ಸೋದರಮಾವನ ಕೈಯಲ್ಲಿರುತ್ತಿದ್ದರೂ ಹಿರಿಯ ಹೆಣ್ಣು ಯಜಮಾನಿತಿಯಾಗಲು ಅಡ್ಡಿಯಿರಲಿಲ್ಲ. ಮಿಷನರಿಗಳ ಕುಟುಂಬ ಕಲ್ಪನೆಯೇ ಬೇರೆ. ಗಂಡನನ್ನು ಮನೆಯ ಶಿರಸ್ಸೆಂದು ಬಗೆದ ಸಂತ ಪೌಲನ ಬೋಧೆ ಅದಕ್ಕೆ ಆಧಾರ. ಹೀಗೆ ಮಾವನ ಸ್ಥಾನಕ್ಕೆ ತಂದೆ ಬಂದನು.

ಇದನ್ನು ಹೆಣ್ಣಿನ ಸೋಲೆಂದಷ್ಟೇ ಓದುವುದು ಅವಸರವಾದೀತು. 1865ರ ಭಾರತೀಯ ಉತ್ತರಾಧಿಕಾರ ಕಾಯ್ದೆಯು, ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ ವಿಧವೆಗೆ ಮೂರನೆಯ ಒಂದು ಭಾಗವನ್ನೂ ಉಳಿದುದರಲ್ಲಿ ಮಗ-ಮಗಳಿಗೆ ಸಮಪಾಲನ್ನೂ ವಿಧಿಸಿತು. ಮನೆತನದ ಬೇರಾಗಿದ್ದವಳು ಇಲ್ಲಿ ಪಾಲುದಾರಳಾದಳು. ಎರಡೂ ಒಂದೇ ಅಲ್ಲ.

ಸಭೆಯೊಳಗಿನ ಅಧಿಕಾರ ಮಾತ್ರ ಬಹುಕಾಲ ಗಂಡಸರದೇ. ಹೆಂಗಸರಿಗೆ ಶಾಲೆ, ಶುಶ್ರೂಷೆ, ಮನೆಮನೆಯ ಬೋಧನೆ ದೊರೆತವು. ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ಆಸ್ಪತ್ರೆಯನ್ನೇ ಸ್ಥಾಪಿಸಿದರು. ಆದರೆ ಆ ಕಾಲದ ಸಭೆಯಲ್ಲಿ ಸಭಾಪಾಲಕ ದೀಕ್ಷೆ ಹೆಣ್ಣಿಗಿರಲಿಲ್ಲ. ದಕ್ಷಿಣ ಕನ್ನಡದ ಬಾಸೆಲ್ ಸಭೆಗಳು 1947ರಲ್ಲಿ ಸೇರಿದ ದಕ್ಷಿಣ ಭಾರತ ಸಭೆಯು 1976ರಲ್ಲಿ ಮೊದಲ ಬಾರಿಗೆ ಮಹಿಳೆಗೆ ಆ ದೀಕ್ಷೆ ನೀಡಿತು. ಬಿಷಪ್ ಪದವಿಗೆ ಮಹಿಳೆ ಏರಿದ್ದು 2013ರಲ್ಲಿ, ಆಂಧ್ರದ ನಂದ್ಯಾಲದಲ್ಲಿ.