ತೂತಿನ ದುಡ್ಡು, ಸೀಸದ ದುಡ್ಡು

ಬ್ಲಾಗು ಮುಟ್ಟದೆ ತಿಂಗಳುಗಳೇ ಆದವು. ಆಫೀಸಿನಲ್ಲಿ ರಿಲೀಸು, ಊರಲ್ಲಿ ಮಳೆ, ನೆವಕ್ಕೇನು ಬರವಿಲ್ಲ ಬಿಡಿ :)

ಮೊನ್ನೆ ಶಿರಸಿಗೆ ಹೋದಾಗ ನನ್ನ ನಾಣ್ಯದ ಡಬ್ಬಿಯೂ ಬ್ಯಾಗಿನಲ್ಲಿತ್ತು. ಜಗಲಿಯಲ್ಲಿ ಕವಳ ಹಾಕುತ್ತ ಕೂತಿದ್ದ ಅಜ್ಜಿ ಒಂದನ್ನೆತ್ತಿಕೊಂಡು "ಇದೆಂತ ದುಡ್ಡನಾ ತಮಾ? ಮಧ್ಯ ಚೌಕದ ತೂತಿದ್ದು!" ಅಂದಳು. ಅವಳು ಕಂಡ ತೂತಿನ ಕಾಸು 1943ರಿಂದ 47ರವರೆಗೆ ಬಂದಿದ್ದು. ಅದರ ತೂತು ದುಂಡಗೆ. ಯುದ್ಧಕಾಲದಲ್ಲಿ ಲೋಹ ಉಳಿಸಲು ಮಾಡಿದ್ದು, ಯಂತ್ರದಲ್ಲಿ ಒತ್ತಿದ್ದು.

ನನ್ನದು ಕೊರಿಯಾದ್ದು. ಹೆಸರು ಸಾಂಗ್‌ಪ್ಯೋಂಗ್ ತೊಂಗ್‌ಬೊ. 1678ರಿಂದ ಎರಡು ನೂರು ವರ್ಷಕ್ಕೂ ಹೆಚ್ಚು ನಡೆದ ಹಣ. ಅದಕ್ಕೂ ಮೊದಲು ಅಲ್ಲಿನ ಜನ ಅಕ್ಕಿ, ಬಟ್ಟೆಯಲ್ಲೇ ಹೆಚ್ಚಾಗಿ ವ್ಯಾಪಾರ ಮಾಡುತ್ತಿದ್ದರಂತೆ. ಇದನ್ನು ಒತ್ತುವುದಿಲ್ಲ, ಎರಕ ಹೊಯ್ಯುತ್ತಾರೆ. 'ತಾಯಿ ನಾಣ್ಯ'ಗಳನ್ನು ಮರಳಿಗೊತ್ತಿ ಅಚ್ಚು ತೆಗೆದು, ನಡುವೆ ಕಾಲುವೆ ಬಿಟ್ಟು, ಕರಗಿದ ಲೋಹ ಸುರಿಯುವುದು. ಆರಿದ ಮೇಲೆ ಹೊರಬರುವುದು ಒಂದು ಗಿಡ! ನಡುವೆ ಕಾಂಡ, ಎರಡೂ ಕಡೆ ಎಲೆಗಳ ಹಾಗೆ ನಾಣ್ಯ. ಕೊರಿಯನ್ನರು ಇದನ್ನು 'ಎಲೆ ದುಡ್ಡು' ಎಂದೇ ಕರೆಯುತ್ತಾರೆ. ಆಮೇಲೆ ಒಂದೊಂದೇ ಮುರಿದು, ಚೌಕದ ಸರಳಿಗೆ ಪೋಣಿಸಿ ಅಂಚು ಉಜ್ಜುವುದು. ತೂತು ದುಂಡಗಿದ್ದರೆ ಉಜ್ಜುವಾಗ ನಾಣ್ಯ ಗರಗರ ತಿರುಗುತ್ತಿತ್ತು. ಇಂಜಿನಿಯರಿಂಗಿನ ನಾಲ್ಕು ವರ್ಷದಲ್ಲಿ ಇಷ್ಟು ಚಂದದ ಡಿಸೈನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಿಂಬದಿಯಲ್ಲಿ ಎರಕ ಹೊಯ್ದ ಇಲಾಖೆಯ ಗುರುತು, ಸರಣಿಯ ಗುರುತು, ನಂಬರು. ನಮ್ಮ ವರ್ಷನ್ ನಂಬರಿನ ಥರ. ಅದಕ್ಕೇ ಸಾವಿರಾರು ಬಗೆ, ಅದಕ್ಕೇ ನನ್ನಂಥವರಿಗೆ ಹುಚ್ಚು.

ಎರಕದ ವಿದ್ಯೆ ನಮ್ಮ ದೇಶದಲ್ಲಿ ಇನ್ನೂ ಹಳೆಯದು. ಹರಿಯಾಣದ ರೋಹ್ತಕ್‌ನಲ್ಲಿ 1936ರಲ್ಲಿ ಬೀರಬಲ್ ಸಾಹ್ನಿಯವರಿಗೆ ಯೌಧೇಯರ ನಾಣ್ಯದ ಮಣ್ಣಿನ ಅಚ್ಚುಗಳು ಸಿಕ್ಕವು. ಬಿಲ್ಲೆಯ ಮೇಲೆ ಬಿಲ್ಲೆ, ನಡುವೆ ಲೋಹ ಇಳಿಯಲು ತೂತು, ಅದರಿಂದ ಸುತ್ತಲಿನ ಗುಳಿಗಳಿಗೆ ಕಾಲುವೆ. ಅದೂ ಒಂದು ಗಿಡವೇ. ಸಾಹ್ನಿಯವರು ಪಳೆಯುಳಿಕೆ ಸಸ್ಯಗಳ ವಿಜ್ಞಾನಿ ಅನ್ನೋದು ತಮಾಷೆ. 1945ರಲ್ಲಿ ಆ ಬಗ್ಗೆ ಒಂದು ಪುಸ್ತಕವನ್ನೇ ಬರೆದರು.

ಡಬ್ಬಿಯ ತಳದಲ್ಲಿ ಇನ್ನೊಂದಿತ್ತು. ಕಪ್ಪಗೆ, ದಪ್ಪಗೆ, ಕೈಗೆ ಭಾರ. ಸೀಸದ್ದು. ಒಂದು ಬದಿಗೆ ಕಮಾನಿನ ಮೇಲೆ ಕಮಾನು ಪೇರಿಸಿದ ಗುಡ್ಡ, ಇನ್ನೊಂದಕ್ಕೆ ಕಟಕಟೆಯೊಳಗಿನ ಮರ. ಸುತ್ತ ಬ್ರಾಹ್ಮಿ ಅಕ್ಷರ, ಅರಸ ಚುಟುಕುಲಾನಂದನದು ಎಂಬರ್ಥದ್ದು. ಕದಂಬರಿಗೂ ಮೊದಲು ನಮ್ಮ ಬನವಾಸಿ ಆಳಿದವರು. ಅದೇ ಮನೆತನದ ಅರಸನ ಮಗಳು ಕೊಟ್ಟ ನಾಗರಕಲ್ಲು ಇವತ್ತಿಗೂ ಮಧುಕೇಶ್ವರ ದೇವಸ್ಥಾನದಲ್ಲಿದೆ. ನಾವೆಲ್ಲ ಜಾತ್ರೆಗೆ ಹೋದಾಗ ನೋಡದೆ ದಾಟಿ ಬಂದದ್ದು. ಕಾರವಾರದ ಕಡೆ ಸಿಕ್ಕ ಇಂಥವನ್ನು ರಾಪ್ಸನ್ 1908ರಲ್ಲೇ ಬ್ರಿಟಿಷ್ ಮ್ಯೂಸಿಯಮ್ಮಿನ ಪಟ್ಟಿಯಲ್ಲಿ ಸೇರಿಸಿದ್ದ.

ಸೀಸ ಎಲ್ಲಿಂದ ಬಂತು ಅನ್ನೋದೇ ಒಂದು ಕತೆ. ಭಾರತದಲ್ಲಿ ಸೀಸವಿಲ್ಲ, ಮುತ್ತುರತ್ನ ಕೊಟ್ಟು ಕೊಳ್ಳುತ್ತಾರೆ ಎಂದು ರೋಮಿನ ಪ್ಲಿನಿ ಬರೆದಿದ್ದಾನೆ. ಪೆರಿಪ್ಲಸ್ ಗ್ರಂಥವೂ ಭರೂಚ್, ಮುಜಿರಿಸ್ ಬಂದರುಗಳಿಗೆ ಸೀಸ ಬರುತ್ತಿತ್ತು ಎನ್ನುತ್ತದೆ. ಪ್ಲಿನಿ ಹೇಳಿದ್ದು ಪೂರ್ತಿ ಸರಿಯಲ್ಲ, ರಾಜಸ್ಥಾನದ ಜಾವರದಲ್ಲಿ ಹಳೇ ಗಣಿಗಳಿವೆ. ಆದರೂ ನನ್ನ ಕೈಲಿದ್ದ ಸೀಸ ಹಡಗಿನಲ್ಲಿ ಬಂದಿರಬಹುದು ಅಂದುಕೊಂಡರೆ ಮೈ ಜುಂ ಅನ್ನುತ್ತದೆ. ಅದು ಕರಗಲು 327 ಡಿಗ್ರಿ ಸಾಕು, ನಮ್ಮ ಬಚ್ಚಲ ಒಲೆಯ ಬೆಂಕಿ ಸಾಕು. ಎಷ್ಟು ನಾಣ್ಯ ಹಾಗೆ ಕರಗಿ ಬಲೆಯ ಗುಂಡಾಯಿತೋ!

ಇಷ್ಟೆಲ್ಲ ಭಾಷಣ ಬಿಗಿದ ಮೇಲೆ ಅಜ್ಜಿ ಕೇಳಿದ್ದು ಒಂದೇ ಮಾತು. "ಯಾರ ತೋಟದಲ್ಲಿ ಸಿಕ್ಕಿದ್ದಡ?"

ನನಗೆ ಗೊತ್ತಿರಲಿಲ್ಲ. ಕೆಲವು ವರ್ಷದ ಹಿಂದೆ ಬೆಂಗಳೂರಿನಲ್ಲಿ ಒಬ್ಬರ ಹತ್ತಿರ ಕೊಂಡಿದ್ದೆ. ಎಲ್ಲಿಯದು ಎಂದಾಗ "ಬನವಾಸಿ ಕಡೆ" ಎಂದು ಕೈ ಬೀಸಿದ್ದರು. ನಾನೂ ಮತ್ತೆ ಕೇಳಲಿಲ್ಲ, ಕೇಳಿದರೆ ರೇಟು ಏರುತ್ತದೆ ಎಂಬ ಭಯ. ಕೊರಿಯಾದ ನಾಣ್ಯ ತನ್ನ ಹುಟ್ಟೂರನ್ನು ಬೆನ್ನ ಮೇಲೆ ಹೊತ್ತಿರುತ್ತದೆ, ಇದರ ಮೇಲೆ ಅರಸನ ಹೆಸರಷ್ಟೇ. ಜೊತೆಗಿದ್ದ ಮಡಕೆ ಚೂರು, ಎಷ್ಟು ಆಳ, ಯಾವ ಮಣ್ಣು, ಉಳಿದದ್ದನ್ನು ಅವೇ ಹೇಳಬೇಕಿತ್ತು. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದು ನೆಲದಲ್ಲಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ 1878ರ ಕಾನೂನು ಓದಿದ್ದು ಕೊಂಡಾದ ಮೇಲೆ. ಲಾಗ್ ಫೈಲು ಅಳಿಸಿ ಹಾಕಿದವರ ಮೇಲೆ ಆಫೀಸಿನಲ್ಲಿ ಹಾರಾಡುವವನು ನಾನೇ.

ಬೆಂಗಳೂರಿಗೆ ಬಂದವನು ಡಬ್ಬಿಯ ಪ್ರತಿ ಕವರಿಗೂ ಒಂದು ಚೀಟಿ ಬರೆದಿಟ್ಟೆ. ಸೀಸದ್ದರ ಚೀಟಿಯಲ್ಲಿ 'ಸಿಕ್ಕ ಜಾಗ' ಎಂಬಲ್ಲಿ ಗೊತ್ತಿಲ್ಲ ಎಂದಿದೆ.