ಹತ್ತು ಸೆಂಟಿನ ಪುಸ್ತಕ

ಒಂದು ವಸ್ತುವಿಗೆ ಬೆಲೆ ಬರುವುದು ಅದರ ಉಪಯೋಗದಿಂದ ಎಂಬುದು ಸಾಮಾನ್ಯವಾದ ನಂಬಿಕೆ. ಅಕ್ಕಿಗೆ ಬೆಲೆ ಹಸಿವಿನಿಂದ, ಕಂಬಳಿಗೆ ಬೆಲೆ ಚಳಿಯಿಂದ. ಆದರೆ ಉಪಯೋಗ ತೀರಿ, ಜನರು ಕಸವೆಂದು ಎಸೆದ ಮೇಲೆ ಬೆಲೆಯನ್ನು ಪಡೆಯುವ ವಸ್ತುಗಳೂ ಉಂಟು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಮಕ್ಕಳ ವಿನೋದಕ್ಕಾಗಿ ಅಚ್ಚಾದ ಚಿತ್ರಕಥೆಯ ಪುಸ್ತಕಗಳು, ಅಲ್ಲಿನವರ ಮಾತಿನಲ್ಲಿ ‘ಕಾಮಿಕ್’ ಪುಸ್ತಕಗಳು, ಇದಕ್ಕೆ ಒಳ್ಳೆಯ ನಿದರ್ಶನ. ಹತ್ತು ಸೆಂಟಿಗೆ ಮಾರಿದ ಕಾಗದದ ಕಟ್ಟು ಎಪ್ಪತ್ತೆರಡು ವರ್ಷಗಳಲ್ಲಿ ಹತ್ತು ಲಕ್ಷ ಡಾಲರಿನ ಬೆಲೆಯನ್ನು ಮುಟ್ಟಿದ ವೃತ್ತಾಂತವು ಕೇಳುವುದಕ್ಕೆ ವಿನೋದವಾಗಿಯೇ ಇದೆ. ಆದರೆ ಪುಸ್ತಕವೆಂದರೇನು, ಅದನ್ನು ಕಾಪಾಡುವುದೆಂದರೇನು ಎಂಬ ಪ್ರಶ್ನೆಯೊಂದು ಅದರೊಳಗೆ ಅಡಗಿದೆ.

೧೯೩೮ನೆಯ ಇಸವಿಯ ಜೂನ್ ತಿಂಗಳ ಹೆಸರಿನಲ್ಲಿ ‘ಆಕ್ಷನ್ ಕಾಮಿಕ್ಸ್’ ಎಂಬ ಮಾಸಪತ್ರಿಕೆಯ ಮೊದಲನೆಯ ಸಂಚಿಕೆಯು ಹೊರಬಿದ್ದಿತು. ಓಹಾಯೋ ಸಂಸ್ಥಾನದ ಕ್ಲೀವ್‌ಲೆಂಡ್ ನಗರದ ಇಬ್ಬರು ತರುಣರು, ಕಥೆಗಾರರಾದ ಜೆರ್ರಿ ಸೀಗೆಲ್ ಮತ್ತು ಚಿತ್ರಕಾರರಾದ ಜೋ ಷುಸ್ಟರ್, ತಮ್ಮ ಕಲ್ಪನೆಯ ‘ಸೂಪರ್‌ಮ್ಯಾನ್’ ಎಂಬ ಅತಿಮಾನುಷ ವೀರನನ್ನು ಅದರಲ್ಲಿ ಜನರ ಮುಂದೆ ನಿಲ್ಲಿಸಿದರು. ಆ ವೀರನ ಮೇಲಿನ ಸಮಸ್ತ ಹಕ್ಕನ್ನೂ ಅವರು ಪ್ರಕಾಶಕರಿಗೆ ಬರೆದುಕೊಟ್ಟುದು ೧೩೦ ಡಾಲರಿಗೆ. ಎರಡು ಲಕ್ಷದಷ್ಟು ಪ್ರತಿಗಳು ಅಚ್ಚಾದುವು. ವೃತ್ತಪತ್ರಿಕೆಗೆ ಬಳಸುವ ಅಗ್ಗದ ಕಾಗದ, ತೆಳುವಾದ ಬಣ್ಣದ ಹೊದಿಕೆ, ಬೆನ್ನಿಗೆ ಎರಡು ತಂತಿಯ ಪಿನ್ನು. ಇಷ್ಟೇ ಅದರ ಮೈಕಟ್ಟು. ಹುಡುಗರು ಅದನ್ನು ಸುರುಳಿ ಸುತ್ತಿ ಜೇಬಿಗೆ ತುರುಕಿದರು, ಒಬ್ಬರಿಂದೊಬ್ಬರು ಬದಲಾಯಿಸಿಕೊಂಡರು, ಓದಿ ಓದಿ ಹರಿದರು. ಓದಿ ಹರಿಯಲೆಂದೇ ಹುಟ್ಟಿದ ಪುಸ್ತಕವದು.

ಹುಡುಗರ ಕೈಯಿಂದ ಉಳಿದುದನ್ನು ಕಾಲವು ಕಬಳಿಸಿತು. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಆಮ್ಲಾಂಶವು ಹೆಚ್ಚು. ಗಾಳಿ ಬೆಳಕುಗಳ ಸೋಂಕಿನಿಂದ ಅದು ಮೊದಲು ಹಳದಿಯಾಗಿ, ಬಳಿಕ ಕಂದಾಗಿ, ಕಡೆಗೆ ಹಪ್ಪಳದಂತೆ ಮುರಿಯುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರದ್ದಿ ಕಾಗದವನ್ನು ದೇಶಕಾರ್ಯಕ್ಕೆ ಒಪ್ಪಿಸಬೇಕೆಂಬ ಕರೆ ಬಂದಾಗ, ಮಕ್ಕಳು ಮನೆಮನೆಯಿಂದ ಹೊತ್ತು ತಂದ ರಾಶಿಗಳಲ್ಲಿ ಈ ಪುಸ್ತಕಗಳೂ ಹೋದುವು. ಯುದ್ಧ ಮುಗಿದ ಮೇಲೆ ಬಂದುದು ಹಿರಿಯರ ಕೋಪ. ೧೯೪೮ರಲ್ಲಿ ವೆಸ್ಟ್ ವರ್ಜೀನಿಯಾದ ಸ್ಪೆನ್ಸರ್ ಎಂಬ ಊರಿನಲ್ಲಿಯೂ ನ್ಯೂಯಾರ್ಕ್ ಸಂಸ್ಥಾನದ ಬಿಂಗ್‌ಹ್ಯಾಮ್‌ಟನ್ನಿನಲ್ಲಿಯೂ ಶಾಲೆಯ ಮಕ್ಕಳ ಕೈಯಿಂದಲೇ ಇವುಗಳ ರಾಶಿಗೆ ಬೆಂಕಿಯಿಕ್ಕಿಸಲಾಯಿತು. ೧೯೫೪ರಲ್ಲಿ ಮನೋವೈದ್ಯರಾದ ಫ್ರೆಡ್ರಿಕ್ ವರ್ಥಮ್ ಎಂಬವರು, ಬಾಲಾಪರಾಧಕ್ಕೆ ಈ ಪುಸ್ತಕಗಳು ಕಾರಣವೆಂದು ಒಂದು ಗ್ರಂಥವನ್ನೇ ಬರೆದರು. ಅದೇ ವರ್ಷ ಸೆನೆಟ್ ಸಭೆಯ ಉಪಸಮಿತಿಯೊಂದು ವಿಚಾರಣೆ ನಡೆಸಿತು. ಪ್ರಕಾಶಕರು ಅಂಜಿ ತಮಗೆ ತಾವೇ ಕಟ್ಟುಪಾಡುಗಳನ್ನು ವಿಧಿಸಿಕೊಂಡರು. ಹೀಗೆ ಕೈ, ಕಾಲ, ಯುದ್ಧ, ಬೆಂಕಿ ನಾಲ್ಕೂ ಕೂಡಿದ ಮೇಲೆ, ‘ಆಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ ಎರಡು ಲಕ್ಷ ಪ್ರತಿಗಳಲ್ಲಿ ಇಂದಿಗೆ ಉಳಿದಿರುವುದು ನೂರರ ಆಸುಪಾಸು ಎಂದು ಬಲ್ಲವರ ಅಂದಾಜು.

ಉಳಿದುದನ್ನು ಹುಡುಕಿದವರು ಅದೇ ಹುಡುಗರು, ಬೆಳೆದು ದೊಡ್ಡವರಾದ ಮೇಲೆ. ೧೯೬೧ರಲ್ಲಿ ಡೆಟ್ರಾಯಿಟ್ ನಗರದ ಕಾಲೇಜು ಅಧ್ಯಾಪಕರಾದ ಜೆರ್ರಿ ಬೇಲ್ಸ್ ಎಂಬವರು, ರಾಯ್ ಥಾಮಸ್ ಎಂಬವರ ಸಹಾಯದಿಂದ ‘ಆಲ್ಟರ್ ಈಗೋ’ ಎಂಬ ಸಣ್ಣ ಪತ್ರಿಕೆಯನ್ನು ಹೊರಡಿಸಿದರು. ಊರೂರುಗಳಲ್ಲಿ ಒಂಟಿಯಾಗಿದ್ದ ಹವ್ಯಾಸಿಗಳಿಗೆ ತಮ್ಮಂತಹವರು ಬೇರೆಯೂ ಇದ್ದಾರೆಂಬುದು ತಿಳಿದುದು ಇಂತಹ ಪತ್ರಿಕೆಗಳಿಂದಲೇ. ೧೯೬೪ರಲ್ಲಿ ನ್ಯೂಯಾರ್ಕಿನಲ್ಲಿ ಅವರ ಚಿಕ್ಕದೊಂದು ಸಭೆಯೂ ಸೇರಿತು. ಆಗ ಅವರಿಗೆ ಬೇಕಾಗಿದ್ದುದು ಕಥೆಯೇ: ಬಾಲ್ಯದಲ್ಲಿ ಓದಿ ಕಳೆದುಕೊಂಡ ಸಂಚಿಕೆಯನ್ನು ಮತ್ತೊಮ್ಮೆ ಓದಬೇಕು, ಯಾವ ಕಥೆಯನ್ನು ಯಾರು ಬರೆದರು, ಯಾವ ಚಿತ್ರವು ಯಾರದು ಎಂಬುದನ್ನು ಗುರುತಿಸಬೇಕು. ಹಿಂದೆ ಕಿಡಿಕಾರಿದ್ದ ವರ್ಥಮ್ ಅವರೇ ಈ ಹವ್ಯಾಸಿಗಳ ಪತ್ರಿಕೆಗಳನ್ನು ಓದಿ, ಮೆಚ್ಚಿಕೊಂಡು, ೧೯೭೩ರಲ್ಲಿ ಅವುಗಳ ಮೇಲೊಂದು ಪುಸ್ತಕವನ್ನು ಬರೆದುದು ಈ ಇತಿಹಾಸದ ಒಂದು ಸೊಗಸು. ಅವರು ಖಂಡಿಸಿದ್ದ ಸಂಚಿಕೆಗಳಾದರೋ, ಅವರು ಖಂಡಿಸಿದರೆಂಬ ಕಾರಣಕ್ಕಾಗಿಯೇ ಸಂಗ್ರಾಹಕರಲ್ಲಿ ಬೇಡಿಕೆಯನ್ನು ಪಡೆದುವು.

ಓದುಗರ ಕೂಟವು ಸಂತೆಯಾದುದು ಬೆಲೆಪಟ್ಟಿಯಿಂದ. ಟೆನೆಸ್ಸೀ ಸಂಸ್ಥಾನದ ರಾಬರ್ಟ್ ಓವರ್‌ಸ್ಟ್ರೀಟ್ ಎಂಬವರು ೧೯೭೦ರಲ್ಲಿ ಹಳೆಯ ಚಿತ್ರಕಥೆಗಳ ದರಪಟ್ಟಿಯನ್ನು ಅಚ್ಚು ಹಾಕಿಸಿದರು. ಆ ಪಟ್ಟಿಯಲ್ಲಿ ಪ್ರತಿಯೊಂದು ಸಂಚಿಕೆಗೂ ಒಂದೇ ಬೆಲೆಯಿರಲಿಲ್ಲ. ಪ್ರತಿಯ ಸ್ಥಿತಿಯನ್ನನುಸರಿಸಿ ಬೇರೆ ಬೇರೆ ಬೆಲೆಗಳಿದ್ದುವು. ‘ಒಳ್ಳೆಯದು’, ‘ಉತ್ತಮ’, ‘ಮಿಂಟ್’ ಎಂದು ದರ್ಜೆಗಳು ಏರ್ಪಟ್ಟುವು. ‘ಮಿಂಟ್’ ಎಂಬುದು ನಾಣ್ಯ ಸಂಗ್ರಾಹಕರಿಂದ ಬಂದ ಮಾತು. ಟಂಕಸಾಲೆಯಿಂದ ಆಗತಾನೆ ಹೊರಬಿದ್ದಂತಿರುವುದು ಎಂದು ಅದರ ಅರ್ಥ. ಅಂದಿನಿಂದ ಸಂಗ್ರಾಹಕನ ಕಣ್ಣು ಕಥೆಯಿಂದ ಕಾಗದದ ಕಡೆಗೆ ತಿರುಗಿತು. ಬೆನ್ನಿನಲ್ಲಿ ಎಷ್ಟು ಗೀರುಗಳಿವೆ, ಮೂಲೆ ಮೊಂಡಾಗಿದೆಯೆ, ಪಿನ್ನು ತುಕ್ಕು ಹಿಡಿದಿದೆಯೆ, ಹಾಳೆ ಬಿಳುಪೋ ಕೆನೆಬಣ್ಣವೋ, ಅಂಚನ್ನು ಕತ್ತರಿಸಿ ಸರಿಮಾಡಿರುವರೋ, ಹೊದಿಕೆಗೆ ಹೊಸದಾಗಿ ಬಣ್ಣ ತಾಗಿಸಿರುವರೋ ಎಂಬುದೇ ಪರೀಕ್ಷೆಯಾಯಿತು.

ಈ ಪರೀಕ್ಷೆಗೆ ಮೇಲ್ಮಟ್ಟವನ್ನು ತೋರಿಸಿಕೊಟ್ಟುದು ೧೯೭೭ರಲ್ಲಿ ಕೊಲೊರಾಡೋ ಸಂಸ್ಥಾನದಲ್ಲಿ ಬೆಳಕಿಗೆ ಬಂದ ಒಂದು ಸಂಗ್ರಹ. ಜಾಹೀರಾತಿನ ಚಿತ್ರಗಳನ್ನು ಬರೆದು ಜೀವಿಸುತ್ತಿದ್ದ ಎಡ್ಗರ್ ಚರ್ಚ್ ಎಂಬವರು ವರ್ಷಗಟ್ಟಲೆ ಕೊಂಡು ಒತ್ತಾಗಿ ಪೇರಿಸಿಟ್ಟಿದ್ದ ಪುಸ್ತಕಗಳನ್ನು ಅವರ ಮನೆಯವರು ಚಕ್ ರೊಜಾನ್ಸ್ಕಿ ಎಂಬ ವ್ಯಾಪಾರಿಗೆ ಮಾರಿದರು. ಹದಿನೆಂಟು ಸಾವಿರಕ್ಕೆ ಮೇಲ್ಪಟ್ಟಿದ್ದ ಆ ಪ್ರತಿಗಳು, ಅಲ್ಲಿನ ಒಣಹವೆಯ ದೆಸೆಯಿಂದಲೂ ಒಂದರ ಮೇಲೊಂದು ಅದುಮಿ ಗಾಳಿಯಾಡದಂತೆ ಇದ್ದುದರಿಂದಲೂ, ನಿನ್ನೆ ಅಚ್ಚಾದಂತೆ ಹೊಳೆಯುತ್ತಿದ್ದುವು. ಪಟ್ಟಿಯ ಬೆಲೆಗಿಂತ ಹೆಚ್ಚು ಹಣವನ್ನು ಕೊಟ್ಟು ಜನರು ಅವನ್ನು ಕೊಂಡರು.

ಹಳೆಯದಕ್ಕೆ ಇಷ್ಟು ಬೆಲೆಯಾದರೆ ಹೊಸದನ್ನು ಇಂದೇ ಕೊಂಡಿಟ್ಟರೆ ನಾಳೆ ಸಿರಿವಂತರಾಗಬಹುದಲ್ಲವೆ ಎಂಬ ಯೋಚನೆಯು ಹಲವರಿಗೆ ಹುಟ್ಟಿತು. ೧೯೯೧ರಲ್ಲಿ ‘ಎಕ್ಸ್‌ಮೆನ್’ ಎಂಬ ಪತ್ರಿಕೆಯ ಹೊಸ ಮೊದಲ ಸಂಚಿಕೆಯು, ಐದು ಬಗೆಯ ಹೊದಿಕೆಗಳೊಡನೆ, ಎಂಬತ್ತು ಲಕ್ಷದಷ್ಟು ಖರ್ಚಾಯಿತು. ೧೯೯೨ರ ನವೆಂಬರಿನಲ್ಲಿ ಸೂಪರ್‌ಮ್ಯಾನನ ಮರಣವನ್ನು ವರ್ಣಿಸುವ ಸಂಚಿಕೆಯು ಕಪ್ಪು ಚೀಲದೊಳಗೆ ಮುಚ್ಚಿ ಮಾರಾಟಕ್ಕೆ ಬಂದಿತು. ಕೊಂಡವರಲ್ಲಿ ಅನೇಕರು ಚೀಲವನ್ನು ತೆರೆಯದೆಯೇ ಪೆಟ್ಟಿಗೆಗೆ ಸೇರಿಸಿದರು. ಎಲ್ಲರೂ ಕಾಪಾಡಿದುದರಿಂದ ಯಾವುದೂ ಅಪೂರ್ವವಾಗಲಿಲ್ಲ. ಬೆಲೆ ಏರಲಿಲ್ಲ, ಅಂಗಡಿಗಳು ಮುಚ್ಚಿದುವು, ೧೯೯೬ರ ಡಿಸೆಂಬರಿನಲ್ಲಿ ಮಾರ್ವೆಲ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆಯೇ ದಿವಾಳಿಯ ಅರ್ಜಿಯನ್ನು ಹಾಕಬೇಕಾಯಿತು. ಮೊದಲ ಸಂಚಿಕೆಗಳಿಗೆ ಬೆಲೆಯನ್ನು ತಂದುದು ಸಂಗ್ರಾಹಕರ ಜಾಣತನವಲ್ಲ, ಹರಿದೊಗೆದ ಲಕ್ಷಾಂತರ ಹುಡುಗರ ಅಜಾಗ್ರತೆ ಎಂಬುದು ಆಗ ವ್ಯಕ್ತವಾಯಿತು.

ಮಾರುವವನು ಹೇಳಿದ ದರ್ಜೆಯನ್ನು ಕೊಳ್ಳುವವನು ನಂಬಲಾರದುದರಿಂದ, ೨೦೦೦ದಲ್ಲಿ ದರ್ಜೆ ನಿರ್ಣಯಕ್ಕಾಗಿಯೇ ಸಿ.ಜಿ.ಸಿ. ಎಂಬ ಸಂಸ್ಥೆಯು ಪ್ರಾರಂಭವಾಯಿತು. ಶುಲ್ಕವನ್ನು ಕೊಟ್ಟು ಕಳುಹಿಸಿದ ಪ್ರತಿಯನ್ನು ಅಲ್ಲಿನ ಪರೀಕ್ಷಕರು ನೋಡಿ, ಹತ್ತು ಅಂಕಗಳ ಅಳತೆಯಲ್ಲಿ ದರ್ಜೆಯನ್ನು ನಿಶ್ಚಯಿಸಿ, ಪಾರದರ್ಶಕವಾದ ಪೆಟ್ಟಿಗೆಯೊಳಗೆ ಅದನ್ನು ಮುಚ್ಚಿ ಭದ್ರಪಡಿಸುವರು. ೨೦೧೦ರ ಫೆಬ್ರವರಿಯಲ್ಲಿ ಎಂಟು ಅಂಕದ ‘ಆಕ್ಷನ್ ಕಾಮಿಕ್ಸ್’ ಪ್ರತಿಯೊಂದು ಹತ್ತು ಲಕ್ಷ ಡಾಲರಿಗೆ ಮಾರಾಟವಾಯಿತು; ಮುಂದಿನ ತಿಂಗಳು ಎಂಟೂವರೆ ಅಂಕದ ಮತ್ತೊಂದು ಪ್ರತಿಯು ಹದಿನೈದು ಲಕ್ಷಕ್ಕೆ ಹೋಯಿತು. ಅರ್ಧ ಅಂಕಕ್ಕೆ ಐದು ಲಕ್ಷ ಡಾಲರಿನ ಅಂತರ! ೨೦೧೪ರಲ್ಲಿ ಒಂಬತ್ತು ಅಂಕದ ಪ್ರತಿಗೆ ಮೂವತ್ತೆರಡು ಲಕ್ಷ ಬಂದಿತು. ಪೆಟ್ಟಿಗೆಯನ್ನು ಒಡೆದರೆ ಅಂಕವು ರದ್ದು. ಆದುದರಿಂದ ಕೊಂಡವನು ಹೊದಿಕೆಯನ್ನು ನೋಡಬಲ್ಲನೇ ಹೊರತು ಪುಟವನ್ನು ತಿರುವಲಾರನು. ಒಳಗಿನ ಕಥೆಯಾದರೋ ಮರುಮುದ್ರಣಗಳಲ್ಲಿ ಅಲ್ಪ ಬೆಲೆಗೆ ಯಾರಿಗಾದರೂ ದೊರೆಯುವುದು.

ಆ ಕಥೆಯನ್ನು ಹುಟ್ಟಿಸಿದವರ ಗತಿಯೇನು? ಹಕ್ಕಿಗಾಗಿ ವರ್ಷಾಂತರ ಹೋರಾಡಿ ಸೋತ ಸೀಗೆಲ್ ಮತ್ತು ದೃಷ್ಟಿ ಮಂದವಾಗಿದ್ದ ಷುಸ್ಟರ್ ಇವರಿಗೆ, ೧೯೭೫ರ ಕೊನೆಯಲ್ಲಿ, ಪತ್ರಿಕೆಗಳ ಆಂದೋಲನದ ಫಲವಾಗಿ, ವರ್ಷಕ್ಕೆ ತಲಾ ಇಪ್ಪತ್ತು ಸಾವಿರ ಡಾಲರಿನ ವೇತನವೂ ಕೃತಿಯ ಮೇಲೆ ತಮ್ಮ ಹೆಸರೂ ದೊರೆತುವು. ಷುಸ್ಟರ್ ೧೯೯೨ರಲ್ಲಿ, ಸೀಗೆಲ್ ೧೯೯೬ರಲ್ಲಿ ತೀರಿಕೊಂಡರು. ೧೯೩೮ರಲ್ಲಿ ಪ್ರಕಾಶಕರು ಅವರಿಗಿತ್ತ ೪೧೨ ಡಾಲರಿನ ಚೆಕ್ಕು, ಆ ೧೩೦ ಡಾಲರನ್ನೂ ಒಳಗೊಂಡು ಇಬ್ಬರ ಹೆಸರುಗಳನ್ನೂ ತಪ್ಪಾಗಿ ಬರೆದಿದ್ದ ಚೆಕ್ಕು, ೨೦೧೨ರಲ್ಲಿ ಹರಾಜಿಗೆ ಬಂದಿತು. ಅದಕ್ಕೆ ಬಂದ ಬೆಲೆ ಒಂದು ಲಕ್ಷದ ಅರವತ್ತು ಸಾವಿರ ಡಾಲರು.

ಸಂಗ್ರಾಹಕರನ್ನು ಹಳಿದು ಮುಗಿಸುವುದು ನ್ಯಾಯವಲ್ಲ. ಬಹುಪಾಲು ಪುಸ್ತಕಭಂಡಾರಗಳು ಬಾಗಿಲೊಳಗೆ ಸೇರಿಸದಿದ್ದ ಈ ಕಾಗದಗಳನ್ನು ಅವರು ಕಾಪಾಡಿದುದರಿಂದಲೇ ಎಷ್ಟೋ ಮರುಮುದ್ರಣಗಳು ಸಾಧ್ಯವಾದುವು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾನಿಲಯವು ೧೯೭೦ರ ಸುಮಾರಿನಿಂದ ಇಂತಹ ಪುಸ್ತಕಗಳನ್ನು ಕೂಡಿಸಿ ಓದುಗರ ಮೇಜಿನ ಮೇಲಿಡುತ್ತಿದೆ. ಅಲ್ಲಿ ಅವುಗಳ ಪುಟಗಳು ಇನ್ನೂ ತಿರುವಲ್ಪಡುತ್ತವೆ. ಕನ್ನಡ ನಾಡಿನ ಹಳೆಯ ಮನೆಗಳಲ್ಲಿಯೂ ಈ ಎರಡು ಬಗೆಯ ರಕ್ಷಣೆ ಇದ್ದಿತು. ಕೆಲವರು ಓಲೆಗರಿಯ ಕಟ್ಟನ್ನು ಕೆಂಪು ವಸ್ತ್ರದಲ್ಲಿ ಸುತ್ತಿ, ವರ್ಷಕ್ಕೊಮ್ಮೆ ಪೂಜಿಸಿ, ಬಿಚ್ಚದೆ ಮೇಲಿಟ್ಟರು. ಮತ್ತೆ ಕೆಲವರು ಗರಿಯು ಜೀರ್ಣವಾಗುವ ಮೊದಲೇ ಕಂಠವನ್ನು ಹಿಡಿದು ಕುಳಿತು ಪ್ರತಿಮಾಡಿದರು. ಮೊದಲನೆಯವರಿಂದ ಗರಿಗಳು ಉಳಿದುವು. ಕಾವ್ಯಗಳು ಉಳಿದುದು ಎರಡನೆಯವರಿಂದ.